ರೇಡಿಯೋ ತಂತಿಯ ಮೇಲೆ ಮಡಿ ಪಂಚೆ

ಸುದ್ದಿಯ ವಿಷಯದಲ್ಲಿ ಇಡೀ ಮಕ್ತಲ ಊರಿನಲ್ಲಿ ನನಗೆ ಸರಿಸಾಟಿ ಇಲ್ಲವೆಂದು ನಾನು ನಂಬಿದ್ದ ಕಾಲವೊಂದಿತ್ತು. ಆಗಿನ್ನೂ ನಾವು ಹೈದರಾಬಾದ್ ಸಂಸ್ಥಾನದ ಪ್ರಜೆಗಳು. ನಾನು ಸರ್ಕಾರಿ ಶಾಲೆಯಲ್ಲಿ ಲೆಕ್ಕದ ಮಾಸ್ತರ. ಓಣಿಯಲ್ಲಿ ಬೇರೆ ಯಾರಿಗೂ ಇಲ್ಲದ ಒಂದು ವಸ್ತು ನನ್ನ ಪಡಸಾಲೆಯಲ್ಲಿತ್ತು. ಅದು ರೇಡಿಯೋ! ರಾಯಚೂರಿನ ನನ್ನ ಭಾವಮೈದುನ ತಾನು ಹೊಸದನ್ನು ತಂದಾಗ ಹಳೆಯದನ್ನು ತನ್ನ ಅಕ್ಕನಿಗೆಂದು ಕಳಿಸಿಕೊಟ್ಟಿದ್ದ. ಅಕ್ಕನಿಗೆಂದು ಬಂದದ್ದು ಭಾವನ ಪಾಲಿಗೆ ಹೇಗೆ ಬಂತು ಎಂಬುದನ್ನು ಸಂಸಾರವಂತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಹೆಸರು ವೆಂಕೋಬಾಚಾರ್ ಎಂಬುದನ್ನು ಊರು ಮರೆತು ‘ರೇಡಿಯೋ ಮಾಸ್ತರ’ ಎಂದು ಕರೆಯತೊಡಗಿತು. ನಾನು ಬೇಡವೆನ್ನಲಿಲ್ಲ.

ಬಿರುದು ಬಂದ ಮೇಲೆ ಅದಕ್ಕೆ ತಕ್ಕ ಪಾಂಡಿತ್ಯವೂ ಬೇಕಲ್ಲ. ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂತವರಿಗೆ ನಾನು ಸುದ್ದಿ ಸಾಧನಗಳ ಗುಣದೋಷಗಳನ್ನು ವಿವರಿಸುತ್ತಿದ್ದೆ. ಡಂಗುರಕ್ಕೆ ಬಾಯಿ ಉಂಟು, ಕಿವಿ ಇಲ್ಲ. ಸಾರಿದವನನ್ನು ತಡೆದು ಪ್ರಶ್ನೆ ಕೇಳುವ ಹಾಗಿಲ್ಲ, ಅವನಿಗೂ ಉತ್ತರ ಗೊತ್ತಿರುವುದಿಲ್ಲ. ಪತ್ರಿಕೆ ಬಲ್ಲದು, ಆದರೆ ಸಾವಕಾಶ. ಕೃಷ್ಣಾ ಸ್ಟೇಷನ್ನಿನಲ್ಲಿ ರೈಲಿನಿಂದಿಳಿದು, ಮೋಟಾರು ಸಿಕ್ಕರೆ ಮೋಟಾರಿನಲ್ಲಿ, ಇಲ್ಲದಿದ್ದರೆ ಬಂಡಿಯಲ್ಲಿ ನಮ್ಮೂರಿಗೆ ಬರುವಷ್ಟರಲ್ಲಿ ಅದರೊಳಗಿನ ಸುದ್ದಿಗೆ ವಯಸ್ಸಾಗಿರುತ್ತಿತ್ತು. ಇನ್ನು ವಿಮಾನದಿಂದ ಉದುರಿಸುವ ಕರಪತ್ರ. ಅದು ಬಿದ್ದದ್ದನ್ನು ಎಲ್ಲರೂ ನೋಡಿದ್ದರು, ಹೆದರಿಕೆಗೆ ಯಾರೂ ಎತ್ತಿಕೊಂಡಿರಲಿಲ್ಲ. ರೇಡಿಯೋ ಹಾಗಲ್ಲ. ಹೈದರಾಬಾದಿನಲ್ಲಿ ಒಬ್ಬರು ಕೆಮ್ಮಿದರೆ ಆ ಕ್ಷಣವೇ ಮಕ್ತಲದಲ್ಲಿ ಕೇಳುತ್ತದೆ. ಅದಕ್ಕಿರುವುದು ಒಂದೇ ದೋಷ: ಹೇಳಿದ್ದನ್ನು ಇನ್ನೊಮ್ಮೆ ಹೇಳುವುದಿಲ್ಲ.

“ಆ ಹೊತ್ತಿಗೆ ನಾವು ಅಲ್ಲಿರದಿದ್ರ?” ಎಂದು ಒಮ್ಮೆ ಇಮಾಮ್ ಸಾಹೇಬರು ಕೇಳಿದ್ದರು. ಅವರು ನಮ್ಮ ಪಕ್ಕದ ಮನೆಯವರು, ಅದೇ ಶಾಲೆಯಲ್ಲಿ ಉರ್ದು ಕಲಿಸುವವರು. ಪತ್ರಿಕೆಯ ಪಕ್ಷಪಾತಿ.

“ಎದ್ದು ಹೋಗೋರಿಗೆ ರೇಡಿಯೋ ಅಲ್ರಿ ಸಾಬ್ರ,” ಎಂದು ನಾನು ಗಂಭೀರವಾಗಿ ಉತ್ತರಿಸಿದ್ದೆ. ಆ ಮಾತು ಈಗ ನೆನಪಾದರೆ ಬೆವರುತ್ತೇನೆ.

ನಲವತ್ತೆಂಟರ ಆ ಸೆಪ್ಟೆಂಬರಿನಲ್ಲಿ ಸುದ್ದಿ ಎಂದರೆ ಬರಿಯ ಹೊತ್ತು ಕಳೆಯುವ ಸಾಮಾನಾಗಿರಲಿಲ್ಲ. ಇಂಡಿಯಾದ ಸೈನ್ಯ ಸಂಸ್ಥಾನದೊಳಗೆ ಬಂದಿತ್ತು. ಎಲ್ಲಿಯವರೆಗೆ ಬಂದಿತ್ತು ಎಂಬುದು ಹೇಳುವವರ ಬಾಯಿಯ ಮೇಲೆ ಹೋಗುತ್ತಿತ್ತು. ಒಂದು ಕಡೆ ರಜಾಕಾರರ ಭಯ, ಇನ್ನೊಂದು ಕಡೆ ಮುಂದೇನೋ ಎಂಬ ಭಯ. ಅಂಗಡಿಗಳು ಅರ್ಧ ಬಾಗಿಲು ತೆರೆದು ವ್ಯಾಪಾರ ಮಾಡುತ್ತಿದ್ದವು. ಕೃಷ್ಣಾ ಹೊಳೆಯ ಅಂಬಿಗರು ಹರಿಗೋಲುಗಳನ್ನು ದಡಕ್ಕೆಳೆದು ಬೋರಲು ಹಾಕಿ ಮನೆ ಸೇರಿದ್ದರು.

ಈ ಬೋರಲು ಬಿದ್ದ ಹರಿಗೋಲುಗಳೇ ನಮ್ಮ ಮನೆಯ ಸಂಕಟ. ನಮ್ಮ ಒಬ್ಬಳೇ ಮಗಳು ಪದ್ಮಾವತಿ ಹೊಳೆಯಾಚೆ ಗದ್ವಾಲದಲ್ಲಿದ್ದಳು, ಗಂಡನ ಮನೆಯಲ್ಲಿ. ಚೊಚ್ಚಲ ಬಸುರಿ. ಚೊಚ್ಚಲು ತವರಿನಲ್ಲೇ ಆಗಬೇಕು. ಏಳನೆಯ ತಿಂಗಳಲ್ಲಿ ಕರೆತರಬೇಕು, ಎಂಟಕ್ಕೆ ಬಿದ್ದರೆ ಬಸುರಿಯನ್ನು ಬಂಡಿ ಹತ್ತಿಸುವ ಹಾಗಿಲ್ಲ. ಏಳು ಮುಗಿಯುತ್ತ ಬಂದಿತ್ತು.

“ಏನ್ರಿ, ಇನ್ನ ನಾಕು ದಿನ ಹೋದ್ರ ಪದ್ದಿ ಅಲ್ಲೇ ಉಳೀತಾಳ,” ಎಂದು ನನ್ನ ಹೆಂಡತಿ ಸೀತಾಬಾಯಿ ದಿನಕ್ಕೊಮ್ಮೆ ಕಣ್ಣಲ್ಲಿ ನೀರು ತರುತ್ತಿದ್ದಳು. “ಅಕಿಗೆ ಅತ್ತಿ ಇಲ್ಲ, ಹೆಣ್ಣು ದಿಕ್ಕಿಲ್ಲದ ಮನಿ. ಹೊಳಿ ಯಾವಾಗ ದಾಟಬಹುದಂತ ನಿಮ್ಮ ಪೆಟ್ಟಿಗಿ ಹೇಳ್ತದೇನು?”

“ಹೇಳ್ತದ. ಲಡಾಯಿ ನಿಂತಿತು ಅನ್ನೋ ಮಾತು ಮೊದಲ ಬರೋದ ಅದರಾಗ. ಬಂದ ಮರುಗಳಿಗೆಗೆ ಬಂಡಿ ಹೂಡಸ್ತೀನಿ.”

ಸೀತಾಬಾಯಿ ಪೂರ್ತಿ ನನ್ನನ್ನೇ ನಂಬಿ ಕೂಡುವವಳಲ್ಲ. ಮಗಳು ಮನೆಗೆ ಬರುವವರೆಗೆ ದಿನಾ ಬೆಳಿಗ್ಗೆ ಹನುಮಪ್ಪನ ಗುಡಿಗೆ ಪ್ರದಕ್ಷಿಣೆಯ ಹರಕೆ ಹೊತ್ತಳು. ಹರಕೆ ಹೊತ್ತವಳು ಅವಳು, ಸುತ್ತಬೇಕಾದವನು ನಾನು. ಅದೂ ಎಂಥ ಪಂಚೆಯುಟ್ಟು? ಸ್ನಾನ ಮಾಡಿ ಮಡಿಯಲ್ಲಿ ಒಗೆದು, ಮಡಿಯಲ್ಲಿ ಒಣಹಾಕಿ, ಒಣಗುವವರೆಗೆ ಮೈಲಿಗೆಯವರ ಬೆರಳೂ ಸೋಕದ ಪಂಚೆಯುಟ್ಟು. ಸೋಕಿದರೆ ಅಲ್ಲಿಯವರೆಗೆ ಸುತ್ತಿದ್ದೆಲ್ಲ ನೀರಿಗೆ ಹೋದಂತೆ. ಮತ್ತೆ ಮೊದಲಿಂದ.

ನಾನು ಒಪ್ಪಿದೆ. ಮಗಳ ವಿಷಯ, ಅವಳು ಹೇಳಿದ್ದರೆ ಬೆಟ್ಟವನ್ನೇ ಸುತ್ತಿ ಬರುತ್ತಿದ್ದೆ.

ಒಂದು ದಿನ ಮಧ್ಯಾಹ್ನ ರೇಡಿಯೋ ಒಂದು ಮಾತು ಹೇಳಿತು. ಆ ದಿನ ಸಂಜೆ ಹೈದರಾಬಾದಿನಿಂದ ಒಂದು ಮಹತ್ವದ ಭಾಷಣವಿದೆ, ಎಲ್ಲರೂ ಕೇಳಬೇಕು. ನನ್ನ ಎದೆ ಹೊಡೆದುಕೊಂಡ ಸದ್ದಿಗೆ ಮುಂದಿನ ವಾಕ್ಯ ಕೇಳಿಸಲಿಲ್ಲ. ಮಹತ್ವದ ಭಾಷಣ! ಯುದ್ಧ ನಿಲ್ಲುವುದೋ, ಹೆಚ್ಚುವುದೋ, ಎರಡರಲ್ಲಿ ಒಂದು. ನಾನು ಓಣಿಯ ತುದಿಯವರೆಗೆ ಹೋಗಿ ಕಂಡಕಂಡವರಿಗೆಲ್ಲ ಹೇಳಿದೆ. ಸಂಜೆಯಾಗುವಷ್ಟರಲ್ಲಿ ನಮ್ಮ ಪಡಸಾಲೆ ತುಂಬಿತು, ಕಟ್ಟೆ ತುಂಬಿತು, ಉಳಿದವರು ಬೀದಿಯಲ್ಲಿ ಕುಕ್ಕರಗಾಲಲ್ಲಿ ಕೂತರು. ಉರ್ದುವಿನಲ್ಲಿ ಬರುವುದನ್ನು ಬಿಡಿಸಿ ಹೇಳಲು ಇಮಾಮ್ ಸಾಹೇಬರು ಪೆಟ್ಟಿಗೆಯ ಪಕ್ಕದಲ್ಲೇ ಕೂತರು.

ಸಂದರ್ಭದ ಘನತೆಗೆ ತಕ್ಕಂತೆ ನಾನು ಕರಿಯ ಶೇರವಾನಿ ತೊಟ್ಟು ಬಂದೆ. ನಮ್ಮ ಶಾಲೆಗೆ ಮೇಲಿನ ಸಾಹೇಬರು ತಪಾಸಣೆಗೆ ಬಂದಾಗ ಮಾತ್ರ ತೊಡುತ್ತಿದ್ದ ಅಂಗಿ ಅದು. ಗಂಟಲಿಂದ ಮೊಳಕಾಲಿನವರೆಗೆ ಬರೀ ಗುಂಡಿ. ಎಲ್ಲ ಗುಂಡಿಗಳನ್ನೂ ಹಾಕಿಕೊಂಡು, ಟೊಪ್ಪಿಗೆ ಸರಿಪಡಿಸಿಕೊಂಡು, ಜನರ ಕಡೆಗೊಮ್ಮೆ ನೋಡಿ ರೇಡಿಯೋದ ಕಿವಿ ತಿರುವಿದೆ.

ರೇಡಿಯೋ “ಗೊರ್ರ್” ಎಂದಿತು.

ಮುಳ್ಳನ್ನು ಅತ್ತ ತಿರುಗಿಸಿದೆ. ಗೊರ್ರ್. ಇತ್ತ ತಿರುಗಿಸಿದೆ. ಗೊರ್ರ್. ಪೆಟ್ಟಿಗೆಯ ತಲೆಗೆ ಮೆಲ್ಲಗೆ ತಟ್ಟಿದೆ. ಆಮೇಲೆ ಜೋರಾಗಿ ತಟ್ಟಿದೆ. ಮಧ್ಯಾಹ್ನ ಗಂಟೆ ಬಾರಿಸಿದಂತೆ ಮಾತಾಡಿದ ವಸ್ತು ಈಗ ಎಣ್ಣೆ ಕಾಣದ ಗಾಣದ ಹಾಗೆ ಕೊರಗುತ್ತಿತ್ತು. ನಾನು ಅದರ ಜಾಲರಿಗೆ ಕಿವಿ ಹಚ್ಚಿ ಕೂತೆ. ಗೊರಗೊರದ ಹಿಂದೆ ಎಲ್ಲೋ ದೂರದಲ್ಲಿ ಮನುಷ್ಯನ ಧ್ವನಿಯೊಂದು ತೇಲಿದಂತಾಯಿತು. ಭಾಷಣ ಶುರುವಾಗಿತ್ತು!

“ಏನಂತಾರ್ರಿ ಆಚಾರ್ರ?” ಇಮಾಮ್ ಸಾಹೇಬರು ಪಿಸುಗುಟ್ಟಿದರು.

“ಶ್.”

ಬೀದಿಯ ತುದಿಯವರೆಗೂ ಶ್ ಎನ್ನುವುದು ಹೋಯಿತು. ಅಷ್ಟೂ ಮಂದಿ ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಏನೋ ಕೇಳುತ್ತಿದ್ದೇನೆಂದು. ನಾನು ಕೇಳುತ್ತಿದ್ದದ್ದು ಗೊರ್ರ್ ಮಾತ್ರ. ಆಗ ನನಗೆ ಏರಿಯಲ್ ನೆನಪಾಯಿತು. ಹಿತ್ತಲಲ್ಲಿ ಎರಡು ಎತ್ತರದ ಬಿದಿರುಗಂಬ ನೆಟ್ಟು ಅವುಗಳ ನಡುವೆ ಬಿಗಿದ ತಾಮ್ರದ ತಂತಿ. ರೇಡಿಯೋದ ಜೀವವೆಲ್ಲ ಅದರಲ್ಲಿ. ನಾನು ಯಾರಿಗೂ ಒಂದು ಮಾತೂ ಹೇಳದೆ ಧಡಕ್ಕನೆ ಎದ್ದು ಹಿತ್ತಲಿಗೆ ಓಡಿದೆ.

ತಂತಿಯ ಮೇಲೆ ನನ್ನ ಪಂಚೆ ಒಣಗುತ್ತಿತ್ತು.

ನೀರಿಳಿಯುವ ಮೊಳಗಟ್ಟಲೆ ಪಂಚೆ. ಅದರ ಭಾರಕ್ಕೆ ತಂತಿ ಜಗ್ಗಿ ಬಚ್ಚಲಮನೆಯ ತಗಡಿನ ಮೇಲೆ ಮಲಗಿತ್ತು. ಹೈದರಾಬಾದಿನಿಂದ ಬರುತ್ತಿದ್ದ ಮಾತೆಲ್ಲ ನೇರವಾಗಿ ನಮ್ಮ ಬಚ್ಚಲಕ್ಕೆ ಇಳಿದುಹೋಗುತ್ತಿತ್ತು.

“ಲೇ ಸೀತಾ! ಇದನ್ನ ಯಾರು ಇಲ್ಲಿ ಹಾಕಿದ್ದು?”

ಅಡುಗೆಮನೆಯ ಬಾಗಿಲಲ್ಲಿ ಸೀತಾಬಾಯಿ ಕಾಣಿಸಿಕೊಂಡಳು. ಅವಳಿಗೆ ಯಾವ ಗಾಬರಿಯೂ ಇರಲಿಲ್ಲ. “ನಾನ. ಮಳಿಗೆ ಒಳಗ ಒಣಗವಲ್ಲದು, ಹಿತ್ತಲ ಗಳದ ಮ್ಯಾಲೆ ಕಾಗಿ ಕೂಡ್ತಾವ.”

“ಏರಿಯಲ್ ಮ್ಯಾಲೇನ?”

“ಆ ತಂತಿ ಯಾರೂ ಮುಟ್ಟಬಾರದು, ಅದರ ಕೆಳಗ ಯಾರೂ ಸುಳೀಬಾರದು ಅಂತ ಮನಿ ತುಂಬ ಸಾರಿದವರು ಯಾರು? ನೀವ. ಯಾರೂ ಮುಟ್ಟದ ಜಾಗ ಅಂದ್ರ ಮಡಿ ಬಟ್ಟಿಗೆ ಅದಕಿಂತ ಛಲೋ ಜಾಗ ಎಲ್ಲಿ ಅದ ಹೇಳ್ರಿ.”

ಲೆಕ್ಕದ ಮಾಸ್ತರನಾಗಿ ಆ ತರ್ಕದಲ್ಲಿ ಒಂದು ತಪ್ಪನ್ನೂ ಕಾಣದೆ ಕೈಚಾಚಿದೆ.

“ಮುಟ್ಟೀರಿ!” ಅವಳು ಸೌಟು ಎತ್ತಿ ತಡೆದಳು. “ಓಣ್ಯಾಗ ನೂರು ಮಂದೀನ ಮುಟ್ಟಿ ಬಂದೀರಿ. ಪದ್ದಿ ಹರಕಿ ಪಂಚೆ ಅದು. ನಾ ಒಲಿ ಮ್ಯಾಲೆ ಹಾಲು ಬಿಟ್ಟು ಬರೂ ಹಂಗಿಲ್ಲ. ಮೈ ತೊಕ್ಕೊಂಡು ಮುಟ್ರಿ.”

ಒಳಗೆ ಸಂಸ್ಥಾನದ ಭವಿಷ್ಯ ನಿರ್ಧಾರವಾಗುತ್ತಿದೆ. ಹೊರಗೆ ನನ್ನ ಮಗಳ ಹರಕೆ ತೂಗುತ್ತಿದೆ. ಈ ಎರಡರ ನಡುವೆ ಒಂದು ಸ್ನಾನ. ತಂಬಿಗೆ ನೀರು ಸುರಿದುಕೊಂಡರೆ ಮುಗಿಯುವ ಕೆಲಸ ಎಂದುಕೊಂಡು ನಾನು ಬಾವಿಗೆ ಧಾವಿಸಿದೆ.

ಮೊದಲು ಶೇರವಾನಿ ಬಿಚ್ಚಬೇಕಿತ್ತು. ಆ ಗುಂಡಿಗಳನ್ನು ಹೊಲಿದ ದರ್ಜಿಯನ್ನು ಆ ದಿನ ನಾನು ನೆನೆದಷ್ಟು ಅವನ ಹೆತ್ತವರೂ ನೆನೆದಿರಲಾರರು. ಒಂದನ್ನು ಬಿಚ್ಚಿದರೆ ಕೆಳಗೆ ಇನ್ನೊಂದು. ಅರ್ಧಕ್ಕೆ ಬೇಸತ್ತು ಅದನ್ನು ತಲೆಯ ಮೇಲಿಂದ ಎಳೆದೆ. ಅದು ತಲೆಯಲ್ಲೇ ಕೂತಿತು. ಕರಿಯ ಚೀಲದೊಳಗೆ ಕುರುಡನಾಗಿ ಬಾವಿಯ ಕಟ್ಟೆಯ ಬಳಿ ಸುತ್ತಾಡುತ್ತ ಕೊಡವನ್ನು ಒದ್ದೆ. ಕೊಡ ಹಗ್ಗದ ಸಮೇತ ಬಾವಿಗೆ ಹೋಯಿತು. ಅದು ನೀರು ಮುಟ್ಟಿದ ಸದ್ದು ಸ್ಪಷ್ಟವಾಗಿ ಕೇಳಿಸಿತು. ಆ ಸಂಜೆ ನನಗೆ ಸ್ಪಷ್ಟವಾಗಿ ಕೇಳಿಸಿದ್ದು ಅದೊಂದೇ.

ಕೊನೆಗೆ ಶೇರವಾನಿಯಿಂದ ಹೊರಬಂದು, ಬಚ್ಚಲ ಹಂಡೆಯಲ್ಲಿ ಬೆಳಗಿನದು ಉಳಿದಿದ್ದ ತಣ್ಣೀರನ್ನು ತಲೆಯ ಮೇಲೆ ಬಗ್ಗಿಸಿಕೊಂಡು, ಒದ್ದೆ ಪಂಚೆಯ ತುಂಡೊಂದನ್ನು ಸೊಂಟಕ್ಕೆ ಸುತ್ತಿ ಮಡಿವಂತನಾಗಿ ಹಿತ್ತಲಿಗೆ ಬಂದೆ. ಜುಟ್ಟಿನಿಂದ ನೀರು ಸುರಿಯುತ್ತಿತ್ತು. ಮಡಿ ಬಟ್ಟೆ ಎತ್ತುವ ಉದ್ದನೆಯ ಕೋಲನ್ನು ತೆಗೆದುಕೊಂಡು ಪಂಚೆಯ ಅಂಚಿಗೆ ಸಿಗಿಸಿ ಎತ್ತಿದೆ.

ಪಂಚೆ ಸರಾಗವಾಗಿ ಮೇಲೆದ್ದಿತು. ತಂತಿ ಠಣ್ಣನೆ ಚಿಮ್ಮಿ ಬಿಗಿಯಾಯಿತು. ಅದೇ ಹೊತ್ತಿಗೆ ಮೂಡಗಾಳಿಯೋ ಪಡುಗಾಳಿಯೋ, ಯಾವುದೋ ಒಂದು ಬೀಸಿ, ಪಂಚೆ ಕೋಲಿನಿಂದ ಹಾರಿ ಬಿದಿರುಗಂಬದ ನೆತ್ತಿಗೆ ಹೋಗಿ ಅಲ್ಲಿ ತಂತಿ ಕಟ್ಟಲು ಹೊಡೆದಿದ್ದ ಮೊಳೆಗೆ ಸಿಕ್ಕಿಕೊಂಡಿತು. ಒಂದು ಚುಂಗು ಮೊಳೆಯಲ್ಲಿ, ಉಳಿದದ್ದೆಲ್ಲ ಆಕಾಶದಲ್ಲಿ. ಪಟಪಟ ಹಾರತೊಡಗಿತು. ಕೋಲು ಅಲ್ಲಿಯವರೆಗೆ ಎಟುಕುತ್ತಿರಲಿಲ್ಲ.

ಅಷ್ಟರಲ್ಲಿ ಒಳಗಿಂದ ಮನುಷ್ಯನ ಧ್ವನಿ ಖಣಖಣ ಕೇಳಿತು. ರೇಡಿಯೋ ಬಾಯಿ ಬಿಟ್ಟಿತ್ತು! ಪಂಚೆಯನ್ನು ಆಕಾಶಕ್ಕೇ ಬಿಟ್ಟು ನಾನು ಒಳಗೆ ಓಡಿದೆ. ತೊಯ್ದ ಕಾಲು ಹಜಾರದ ಗಚ್ಚಿನ ಮೇಲೆ ಜಾರಿತು. ಬಿದ್ದೆ, ಎದ್ದೆ, ಪಡಸಾಲೆಗೆ ಬಂದೆ.

ಪಡಸಾಲೆಯಲ್ಲಿ ಒಬ್ಬರೂ ಇರಲಿಲ್ಲ.

ಚಾಪೆಗಳಿದ್ದವು, ಒಂದು ಒಂಟಿ ಚಪ್ಪಲಿ ಇತ್ತು, ಇಮಾಮ್ ಸಾಹೇಬರ ಕನ್ನಡಕದ ಡಬ್ಬಿ ಇತ್ತು. ರೇಡಿಯೋ ಖಾಲಿ ಮನೆಗೆ ಬಹಳ ಗೌರವದಿಂದ ಭಾಷಣ ಮುಗಿಯಿತೆಂದು ಹೇಳಿ ಶಹನಾಯಿ ಊದತೊಡಗಿತು. ಏನಾದರೂ ಉಳಿದಿದ್ದೀತೆಂಬ ಆಸೆಯಿಂದ ನಾನು ಅದರ ಮೇಲೆ ಬಗ್ಗಿದೆ. ನನ್ನ ಜುಟ್ಟಿನ ನೀರು ಧಾರೆಯಾಗಿ ಅದರ ಬೆನ್ನಿನೊಳಗೆ ಇಳಿಯಿತು. ಚಟ್ ಎಂದಿತು. ಒಂದು ಸುಟ್ಟ ವಾಸನೆ ಬಂತು. ಶಹನಾಯಿಯೂ ನಿಂತಿತು.

ಹೊರಗೆ ಬೀದಿಯಲ್ಲಿ ಗದ್ದಲವೋ ಗದ್ದಲ. ಜನ ಒಬ್ಬರನ್ನೊಬ್ಬರು ಕರೆಯುತ್ತಿದ್ದರು, ಯಾರೋ ಹನುಮಪ್ಪನ ಗುಡಿಯ ಗಂಟೆ ಬಾರಿಸುತ್ತಿದ್ದರು. ಇಮಾಮ್ ಸಾಹೇಬರು ಏದುಸಿರು ಬಿಡುತ್ತ ಒಳಗೆ ಬಂದು ಎರಡೂ ಕೈ ಚಾಚಿದರು.

“ಮುಬಾರಕ್ ಆಚಾರ್ರ. ಮುಗೀತು. ಲಡಾಯಿ ಮುಗೀತು.”

“ಮುಟ್ಟಬ್ಯಾಡ್ರಿ, ಮಡಿಯೊಳಗಿದೀನಿ,” ಎಂದೆ. ಆಮೇಲೆ ಮಾತು ತಲೆಗೆ ಹೋಯಿತು. “ಮುಗೀತಾ? ಅಂದ್ರ ಮಂದಿ ಎಲ್ಲಾ ಕೇಳಿದ್ರಾ? ಏನಂತ ಹೇಳಿತು?”

“ಏನ್ ಹೇಳಿತು ಅಂತ ನಮಗೇನ್ ಗೊತ್ತ್ರಿ? ಪೆಟ್ಟಿಗಿ ಬರೇ ಗೊರ್ ಅಂತಿತ್ತು. ಕಿವಿ ಹಚ್ಚಿ ಕೇಳಿದವರು ನೀವ. ಕೇಳಿ ಒಂದ ಮಾತಿಲ್ಲದ ಎದ್ದು ಓಡಿದ್ರಿ. ನಾವು ಏನಾತೋ ಅಂತ ಕುಂತಿದ್ವಿ. ಅಷ್ಟ್ರಾಗ ಬೀದ್ಯಾಗಿನ ಮಂದಿ ಚೀರಿದ್ರು, ಮಾಸ್ತರ್ ಬಿಳಿ ನಿಶಾನಿ ಏರಿಸ್ಯಾರ ಅಂತ. ಎಲ್ಲಾರೂ ಹೊರಗ ಓಡಿ ನೋಡಿದ್ವಿ. ನಾನೂ ನೋಡಿದೆ. ಏನ್ ಎತ್ತರಕ್ಕ ಏರಿಸೀರಿ.”

ಒದ್ದೆ ಮೈಯಲ್ಲೇ ಚಾಪೆಯ ಮೇಲೆ ಕೂತುಬಿಟ್ಟೆ. ಊರಿಗೆ ಊರೇ ನನ್ನ ಪಂಚೆಯನ್ನು ನೋಡಿ ಯುದ್ಧ ಮುಗಿಸಿತ್ತು! ಯುದ್ಧ ಮುಗಿದಿದೆಯೋ ಇಲ್ಲವೋ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಬಲ್ಲ ಒಂದೇ ಪೆಟ್ಟಿಗೆ ನನ್ನ ಜುಟ್ಟಿನ ನೀರು ಕುಡಿದು ಸತ್ತುಬಿದ್ದಿತ್ತು.

ಇಮಾಮ್ ಸಾಹೇಬರಿಗೆ ನಿಜ ಹೇಳಬೇಕೆಂದು ಬಾಯಿ ತೆರೆದೆ. ಆಗಲೇ ಬಾಗಿಲಲ್ಲಿ ಬೂಟಿನ ಸದ್ದಾಯಿತು. ಠಾಣೆಯ ಅಮೀನ್ ಸಾಹೇಬರು! ಊರಿನ ಪೊಲೀಸರಿಗೆಲ್ಲ ಯಜಮಾನರು. ಸಂಸ್ಥಾನ ಇನ್ನೂ ನಿಂತಿದ್ದು ನಾನೊಬ್ಬನೇ ಶರಣಾಗತಿಯ ಬಾವುಟ ಏರಿಸಿದ್ದರೆ ನನ್ನ ಗತಿ ಏನೆಂದು ಒಂದೇ ಕ್ಷಣದಲ್ಲಿ ಲೆಕ್ಕ ಹಾಕಿದೆ. ಉತ್ತರ ಚೆನ್ನಾಗಿ ಬರಲಿಲ್ಲ.

“ಮಾಸ್ತರ್, ಆ ನಿಶಾನಿ ನೀವು ಏರಿಸಿದ್ದೇನ್ರಿ?”

“ಸಾಹೇಬ್, ಅದು ನಿಶಾನಿ ಅಲ್ಲ. ನನ್ನ ಪಂಚೆ.”

“ನಿಮ್ಮ ಪಂಚೆ ಅಂತ ನನಗೂ ಕಾಣ್ತೈತಿ. ಹೊತ್ತಿಗೆ ಸಿಕ್ಕ ಅರಿವಿ ಏರಿಸೀರಿ. ಅದರಾಗೇನ್ ತಪ್ಪೈತಿ?”

“ಹಂಗಲ್ರಿ ಸಾಹೇಬ್. ಅದು ಒಣಗಾಕ ಹಾಕಿದ್ದು. ಮಡಿ ಪಂಚೆ. ಅದನ್ನ ಇಳಸಾಕ ಹೋದೆ, ಅದು ಏರಿತು.”

ಅಮೀನ್ ಸಾಹೇಬರು ಸುತ್ತಲೂ ನೋಡಿ, ಬಾಗಿಲು ಸ್ವಲ್ಪ ಮುಂದೆ ಮಾಡಿ, ದನಿ ತಗ್ಗಿಸಿದರು. ಆಗ ಗೊತ್ತಾಯಿತು, ಹೆದರಿದವನು ನಾನೊಬ್ಬನೇ ಅಲ್ಲ. “ಮಾಸ್ತರ್, ನನಗ ಹೆದರಬ್ಯಾಡ್ರಿ. ನನಗೂ ಹೆಂಡ್ತಿ ಮಕ್ಕಳು ಅದಾರ. ಕಚೇರಿಗೆ ಮೇಲಿಂದ ಹುಕುಂ ಬಂದಿಲ್ಲ, ತಾರ್ ಬಂದಿಲ್ಲ. ಒಂದ ಮಾತು ಹೇಳ್ರಿ. ಖಬರ್ ಪಕ್ಕಾ ಐತೇನು?”

“ನನಗ ಏನೂ ಗೊತ್ತಿಲ್ರಿ ಸಾಹೇಬ್. ನಾ ಮೈ ತೊಕ್ಕೊಳ್ಳಾಕ ಹೋಗಿದ್ದೆ.”

ಅವರು ನನ್ನ ಒದ್ದೆ ಜುಟ್ಟನ್ನು ನೋಡಿದರು, ಒದ್ದೆ ನೆಲವನ್ನು ನೋಡಿದರು. ಸಂಸ್ಥಾನದ ಅಳಿವು ಉಳಿವಿನ ಭಾಷಣದ ನಡುವೆ ಎದ್ದು ಹೋಗಿ ಸ್ನಾನ ಮಾಡುವ ಮನುಷ್ಯ ಇರಲು ಸಾಧ್ಯವೇ? ಅವರ ಮುಖದಲ್ಲಿ ಬೆಳಕು ಮೂಡಿತು.

“ಸಮಜಿಗೆ ಬಂತು,” ಎಂದರು. “ಹಳೇ ರಾಜ್ಯ ಹೋತು ಅಂತ ತಲಿಗೆ ನೀರು ಹಾಕ್ಕೊಂಡೀರಿ. ನಿಮ್ಮ ಮಂದಿ ಪದ್ಧತಿ ನನಗ ಗೊತ್ತೈತಿ. ಬಾಯಿಲೆ ಹೇಳಬ್ಯಾಡ್ರಿ, ಸಾಕು.”

ನಾನು ಏನನ್ನೂ ಹೇಳುವ ಮೊದಲೇ ಅವರು ಬೆಲ್ಟು ಸರಿಪಡಿಸಿಕೊಂಡು ಹೊರಟುಹೋದರು. ಇಮಾಮ್ ಸಾಹೇಬರು ನನ್ನನ್ನು ದೀರ್ಘವಾಗಿ ನೋಡಿ, “ಆಚಾರ್ರ, ಖರೇ ಹೇಳ್ರಿ. ನಿಮಗ ಏನೂ ಕೇಳಸಲಿಲ್ಲ ಹೌದಲ್ಲ?” ಎಂದರು. ನಾನು ತಲೆಯಾಡಿಸಿದೆ. ಅವರು ನಗಲಿಲ್ಲ. ಅವರಿಗೂ ತಮ್ಮದೇ ಆದ ಚಿಂತೆಗಳಿದ್ದವು. “ದೇವರು ನಿಮ್ಮ ಪಂಚೆ ಮಾತು ಖರೇ ಮಾಡ್ಲಿ,” ಎಂದಷ್ಟೇ ಹೇಳಿ ಕನ್ನಡಕದ ಡಬ್ಬಿ ತೆಗೆದುಕೊಂಡು ಹೋದರು.

ದೀಪ ಹಚ್ಚುವ ಹೊತ್ತಿಗೆ ಬೀದಿಯ ಆ ತುದಿಯಲ್ಲಿ ಡಂಗುರದ ಸದ್ದು ಕೇಳಿತು. ಬಾಲಪ್ಪ ಹಲಗೆ ಬಡಿಯುತ್ತ ಬರುತ್ತಿದ್ದ. ಮೊದಲು ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ ಸಾರುತ್ತಿದ್ದ.

“ಊರಾಗಿನ ದೈವಕ್ಕ ತಿಳಿಸೋದೇನಂದ್ರ, ಲಡಾಯಿ ನಿಂತೈತಿ. ಯಾರೂ ಅಂಜಬಾರದು. ಅಂಗಡಿ ತೆಗೀಬೇಕು. ಬಂಡಿ ಹೂಡವರು ಹೂಡಬಹುದು, ಹೊಳಿ ದಾಟವರು ದಾಟಬಹುದು...”

ನನ್ನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಸರ್ಕಾರಿ ಡಂಗುರ! ಇನ್ನು ಸಂಶಯವೆಲ್ಲಿ? ನನ್ನ ಪಂಚೆ ಸುಳ್ಳು ಹೇಳಿರಲಿಲ್ಲ. ಅಡುಗೆಮನೆಗೆ ಓಡಿ, “ಸೀತಾ, ಕೇಳಿದೇನು? ಖರೇನ ನಿಂತದ. ಪದ್ದೀನ ಕರಕೊಂಡು ಬರಬಹುದು,” ಎಂದು ಕೂಗಿದೆ. ಸೀತಾಬಾಯಿ ಒಲೆಯ ಮುಂದೆ ಕೂತಲ್ಲೇ ಕೈಮುಗಿದಳು. ನಾನು ಮತ್ತೆ ಬಾಗಿಲಿಗೆ ಬರುವಷ್ಟರಲ್ಲಿ ಬಾಲಪ್ಪ ನಮ್ಮ ಮನೆಯ ಮುಂದೆ ನಿಂತು, ನನ್ನತ್ತ ನೋಡಿ ನಕ್ಕು, ಇನ್ನೂ ಜೋರಾಗಿ ಬಡಿದು ಸಾರಿದ:

“...ಈ ಖಬರು ನಮ್ಮ ರೇಡಿಯೋ ಮಾಸ್ತರ್ ಮನಿಯಿಂದ ಬಂದೈತಿ, ಅಮೀನ್ ಸಾಹೇಬ್ರು ತಾವ ಹೋಗಿ ಕೇಳಿಕೊಂಡು ಬಂದಾರ ಹೋ!”

ಡಂಗುರಕ್ಕೆ ಕಿವಿಯಿಲ್ಲವೆಂದು ನಾನೇ ಪಾಠ ಹೇಳಿದ್ದೆ. ಅದನ್ನು ತಡೆದು ನಿಲ್ಲಿಸುವ ಹಾಗಿರಲಿಲ್ಲ. ಬಾಲಪ್ಪ ಮುಂದಿನ ಓಣಿಗೆ ಹೋದ. ನನ್ನ ಪಂಚೆ ಅಮೀನರಿಗೆ ಹೇಳಿತು, ಅಮೀನರು ಡಂಗುರಕ್ಕೆ ಹೇಳಿದರು, ಡಂಗುರ ನನಗೆ ಹೇಳಿತು, ನಾನು ನಂಬಿದೆ.

ಮರುದಿನ ಬೆಳಿಗ್ಗೆ ಸೀತಾಬಾಯಿ ಬುತ್ತಿ ಕಟ್ಟಿ ಸಿದ್ಧವಾಗಿದ್ದಳು. “ಬಂಡಿ ಹೂಡಸ್ರಿ,” ಎಂದಳು.

ಅಲ್ಲಿಯವರೆಗೆ ನಡೆದದ್ದೆಲ್ಲ ನಗೆಯಾಟ. ಇದು ನಗೆಯಾಟವಲ್ಲ. ಸುದ್ದಿ ಸುಳ್ಳಾಗಿದ್ದರೆ? ನನ್ನ ಮಾತು ನಂಬಿ ತುಂಬಿದ ಬಸುರಿಯನ್ನು ದಾರಿಗೆ ತಂದು, ಆಚೆ ದಡದಲ್ಲಿ ಸೈನ್ಯ, ಈಚೆ ದಡದಲ್ಲಿ ರಜಾಕಾರರು ಎದುರಾದರೆ? ಗಾಲಿಗೆ ಕೀಲೆಣ್ಣೆ ಇಲ್ಲ ಎಂದೆ. ಎತ್ತು ಕುಂಟುತ್ತಿದೆ ಎಂದೆ. ದಿನ ಒಳ್ಳೆಯದಲ್ಲ ಎಂದೆ. ಒಣಗಿದ ಮಡಿ ಪಂಚೆಯಿಲ್ಲದೆ ಪ್ರದಕ್ಷಿಣೆಯಾಗದು, ಆಗದೆ ಹೊರಡಬಾರದು ಎಂದೆ. ಪಂಚೆಯಂತೂ ಗಂಬದ ನೆತ್ತಿಯಲ್ಲೇ ಇತ್ತು. ಅದನ್ನು ಇಳಿಸಿದರೆ ಯುದ್ಧ ಮತ್ತೆ ಶುರುವಾಯಿತೆಂದು ಊರು ತಿಳಿದೀತೆಂದು ಇಳಿಸುವ ಧೈರ್ಯ ನನಗಿರಲಿಲ್ಲ.

ಆ ದಿನ ಹೋಯಿತು. ಅದರ ಮರುದಿನ ಸೀತಾಬಾಯಿ ಸೊಂಟಕ್ಕೆ ಸೆರಗು ಸಿಗಿಸಿ ನನ್ನ ಮುಂದೆ ನಿಂತಳು. “ನೀವು ಏನೋ ಮುಚ್ಚಿಡಲಿಕ್ಕೆ ಹತ್ತೀರಿ.”

ನಾನು ಎಲ್ಲವನ್ನೂ ಹೇಳಿದೆ. ಗೊರ್ರ್‌ನಿಂದ ಹಿಡಿದು ಅಮೀನರವರೆಗೆ. ಅವಳು ಕೇಳುತ್ತ ಕೇಳುತ್ತ ಗೋಡೆಗೊರಗಿದಳು. ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ.

“ಅಂದ್ರ ಪದ್ದಿ ಬರೂದಿಲ್ಲ,” ಎಂದಳು ಮೆಲ್ಲಗೆ.

ಅಷ್ಟರಲ್ಲಿ ಬೀದಿಯಲ್ಲಿ ಗೆಜ್ಜೆಯ ಸದ್ದಾಯಿತು. ಒಂದು ಸವಾರಿ ಬಂಡಿ ನಮ್ಮ ಮನೆಯ ಮುಂದೆ ನಿಂತಿತು. ಮುಂದಿನಿಂದ ಅಳಿಯ ಶ್ರೀನಿವಾಸ ಇಳಿದ. ಹಿಂದಿನ ಪರದೆ ಸರಿಸಿ, ಹುಲ್ಲು ಹಾಸಿದ ಮೆತ್ತೆಯ ಮೇಲಿಂದ, ಕಾಲು ಮೆಲ್ಲಗೆ ಇಳಿಬಿಡುತ್ತಿದ್ದವಳು ನಮ್ಮ ಪದ್ದಿ.

ಸೀತಾಬಾಯಿ ಮಡಿ, ಮೈಲಿಗೆ ಎಲ್ಲವನ್ನೂ ಮರೆತು ಬೀದಿಗೆ ಓಡಿ ಮಗಳನ್ನು ತಬ್ಬಿಕೊಂಡಳು. ನಾನು ಬಾಗಿಲಲ್ಲಿ ನಿಂತು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಆ ಸಂತೋಷವನ್ನು ಯಾವ ರೇಡಿಯೋದಲ್ಲೂ ಹೇಳಲು ಬರುವುದಿಲ್ಲ.

“ಹೊಳಿ ಹೆಂಗ ದಾಟಿದ್ರಪಾ?” ಎಂದು ಅಳಿಯನನ್ನು ಕೇಳಿದೆ.

“ನಿಮ್ಮಿಂದನ ರೀ ಮಾವನವರ. ನಮ್ಮ ಗದ್ವಾಲದಾಗ ಒಬ್ಬೊಬ್ರು ಒಂದೊಂದು ಹೇಳ್ತಿದ್ರು. ಇರಲಿ, ಹೊಳಿ ತನಕ ಹೋಗಿ ನೋಡೂಣು ಅಂತ ಬಂದ್ವಿ. ಅಲ್ಲಿ ಅಂಬಿಗರು ಹರಿಗೋಲು ಇಳಿಸಿಬಿಟ್ಟಿದ್ರು. ಹೆಂಗ್ರಪಾ ಧೈರ್ಯ ಬಂತು ಅಂತ ಕೇಳಿದ್ರ, ಮಕ್ತಲದ ರೇಡಿಯೋ ಮಾಸ್ತರ್ ಬಿಳಿ ನಿಶಾನಿ ಏರಿಸ್ಯಾರ, ಅವರು ಕೇಳದ ಏರಸೋ ಮನುಷ್ಯಾ ಅಲ್ಲ ಅಂದ್ರು. ಈ ದಂಡಿಯಿಂದ ಹೋದ ಬಂಡಿಯವರು ಹೇಳಿದ್ರಂತ.” ಅವನು ಗಂಬದ ಕಡೆ ತಲೆಯೆತ್ತಿ ನೋಡಿದ. “ಅದೇನ್ರಿ ಆ ನಿಶಾನಿ?”

“ಅದು ನಿಶಾನಿ ಅಲ್ಲ,” ಎಂದಳು ಸೀತಾಬಾಯಿ. ಅವಳ ಕಣ್ಣಲ್ಲಿ ಇನ್ನೂ ನೀರಿತ್ತು, ಬಾಯಲ್ಲಿ ನಗು ಬಂದಿತ್ತು. “ಹರಕಿ ಪಂಚೆ. ಇವರಿಗಿಂತ ಶ್ಯಾಣ್ಯಾ ಅದ.”

ಕೆಲವು ದಿನಗಳ ಮೇಲೆ ಪತ್ರಿಕೆ ಬಂತು, ತನ್ನ ಎಂದಿನ ಸಾವಕಾಶದಲ್ಲಿ. ಇಮಾಮ್ ಸಾಹೇಬರು ನಮ್ಮ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿದರು. ಆ ಸಂಜೆಯ ಭಾಷಣದಲ್ಲೇ ಯುದ್ಧ ನಿಲ್ಲಿಸಿದ್ದಾಗಿ ಸಾರಿದ್ದರಂತೆ. ಅಂದರೆ ನಾನು ತಣ್ಣೀರು ಸುರಿದುಕೊಳ್ಳುತ್ತಿದ್ದ ಹೊತ್ತಿಗೆ! ಓದಿ ಮುಗಿಸಿ ಅವರು ಪತ್ರಿಕೆ ಮಡಿಚುತ್ತ, “ಎದ್ದು ಹೋಗೋರಿಗೆ ರೇಡಿಯೋ ಅಲ್ರಿ ಆಚಾರ್ರ,” ಎಂದರು. ನಾನು ಎಲೆಯಡಿಕೆ ತಟ್ಟೆಯನ್ನು ಅವರತ್ತ ಸರಿಸಿದೆ.

ರೇಡಿಯೋ ರಾಯಚೂರಿಗೆ ಹೋಗಿ ರಿಪೇರಿಯಾಗಿ ಬಂತು. ಪಂಚೆ ಕೆಳಗಿಳಿಯಿತು. ಗಾಳಿ ಬಿಸಿಲಿಗೆ ಸವೆದು ಬೆಣ್ಣೆಯಷ್ಟು ಮೆತ್ತಗಾಗಿತ್ತು. ಸೀತಾಬಾಯಿ ಅದನ್ನು ತುಂಡು ತುಂಡು ಮಾಡಿ ಹುಟ್ಟುವ ಕೂಸಿಗೆಂದು ಎತ್ತಿಟ್ಟಳು. ನಾನು ಹೊಸ ಹುರುಪಿನಲ್ಲಿ ಏರಿಯಲ್ ಬಿಗಿದೆ. ತಂತಿಯ ಹತ್ತಿರ ಯಾರೂ ಸುಳಿಯಬಾರದೆಂದು ಮಾತ್ರ ಈ ಸಲ ಹೇಳಲಿಲ್ಲ. ಅದನ್ನು ಹೇಳಿದ್ದರ ಫಲ ಉಂಡಿದ್ದೆನಲ್ಲ.

ಆಮೇಲೊಂದು ಮುಂಜಾನೆ ಪದ್ದಿಗೆ ನೋವು ಶುರುವಾಯಿತು. ಸೂಲಗಿತ್ತಿ ಬಂದಳು. ಗಂಡಸರಿಗೆ ಒಳಗೆ ಕೆಲಸವಿಲ್ಲವೆಂದು ನನ್ನನ್ನು ಪಡಸಾಲೆಗೆ ಅಟ್ಟಿದರು. ಮಗಳ ನರಳಾಟ ಕೇಳಲಾರದೆ ನಾನು ರೇಡಿಯೋದ ದನಿಯನ್ನು ಪೂರ್ತಿ ಎತ್ತರಿಸಿ ಕೂತೆ. ಸ್ವಲ್ಪ ಹೊತ್ತು ಚೆನ್ನಾಗಿ ಹಾಡಿತು. ಆಮೇಲೆ ಇದ್ದಕ್ಕಿದ್ದಂತೆ ಗೊರ್ರ್ ಎನ್ನತೊಡಗಿತು. ಮುಳ್ಳನ್ನು ಅತ್ತ ತಿರುಗಿಸಿದೆ, ಇತ್ತ ತಿರುಗಿಸಿದೆ, ಜಾಲರಿಗೆ ಕಿವಿ ಹಚ್ಚಿದೆ.

ಇಮಾಮ್ ಸಾಹೇಬರು ಕೈಯಲ್ಲಿ ಸಕ್ಕರೆಯ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ಓಣಿಯ ಅರ್ಧ ಮಂದಿ.

“ಮುಬಾರಕ್ ಆಚಾರ್ರ. ಅಜ್ಜ ಆದ್ರಿ.”

“ಯಾರು ಹೇಳಿದ್ರು?” ಎಂದೆ ಗಾಬರಿಯಿಂದ. ಮನೆಯ ಯಜಮಾನನಾದ ನನಗೇ ಇನ್ನೂ ಸುದ್ದಿ ಬಂದಿರಲಿಲ್ಲ.

“ಯಾರು ಹೇಳಬೇಕ್ರಿ? ನಿಮ್ಮ ತಂತಿ ಮ್ಯಾಲೆ ಸಣ್ಣ ಸಣ್ಣ ಬಿಳಿ ಅರಿವಿ ಹಾರಾಕ ಹತ್ತ್ಯಾವ. ಊರಿಗೆಲ್ಲ ಕಾಣ್ತೈತಿ.”

ನಾನು ರೇಡಿಯೋ ಆರಿಸಿದೆ. ಆಗ ಒಳಗಿಂದ ಕೂಸಿನ ಅಳು ಕೇಳಿಸಿತು.